ಸಂದೇಹದ ಕೋಟೆ

ಕೃಷ್ಣಮೂರ್ತಿಪುರಂನ ಸ್ನೇಹಿತರೊಬ್ಬರ ಮನೆಯಲ್ಲಿ ಈಚೆಗೆ ಒಂದು ಸಂಜೆ ಧರ್ಮದ ಮಾತು ಬಂತು. ಹುಟ್ಟಿದ ಮತದಲ್ಲಿ ಸಂದೇಹ ಪಟ್ಟವರ ಕಥೆ ಬೇಕಾದಷ್ಟಿದೆ. ಹೊಸದೊಂದನ್ನು ನಂಬಿ ಬಂದವನಿಗೇ ಸಂದೇಹ ಹುಟ್ಟಿದರೆ ಅವನಿಗೆ ಯಾರು ದಿಕ್ಕು ಎಂದು ಆ ಮನೆಯ ಹಿರಿಯರು ಕೇಳಿದರು. ನನಗೆ ಕೂಡಲೆ ನೆನಪಾದುದು ಹತ್ತೊಂಬತ್ತನೆಯ ಶತಮಾನದ ಮಂಗಳೂರು.

ಬಾಸೆಲ್ ಮಿಶನ್ನಿನ ಪಾದ್ರಿಗಳು ಅಲ್ಲಿಗೆ ಬಂದಿಳಿದದ್ದು 1834ರಲ್ಲಿ. ಹತ್ತು ವರ್ಷಗಳ ಮೇಲೆ, 1844ರಲ್ಲಿ, ಮೋಗ್ಲಿಂಗ್ ಪಾದ್ರಿಗಳ ಶಿಷ್ಯನಾಗಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಆ ಕಾಲದಲ್ಲಿ ಹೀಗೆ ಹೊರಟವನಿಗೆ ಊಟದ ಪಂಕ್ತಿ ತಪ್ಪುತ್ತಿತ್ತು, ನಂಟರು ದೂರವಾಗುತ್ತಿದ್ದರು. ಇಷ್ಟು ಬೆಲೆ ತೆತ್ತವನ ಮನಸ್ಸಿನಲ್ಲಿ ನಡುರಾತ್ರಿ 'ತಪ್ಪಿದೆನೆ?' ಎಂಬ ಪ್ರಶ್ನೆ ಎದ್ದರೆ, ಹಿಂದಕ್ಕೆ ಹೋಗುವಂತಿಲ್ಲ. ಮುಂದಕ್ಕೆ ಕಾಲೂ ಏಳದು.

ಮಿಶನ್ನಿನವರು ಅಚ್ಚು ಹಾಕಿಸುತ್ತಿದ್ದ 'ಜಾತಿವಿಚಾರಣೆ'ಯಂಥ ಪುಸ್ತಕಗಳು ಇದಕ್ಕೆ ಮದ್ದಲ್ಲ. ಅವು ಹೊರಗಿನವರೊಡನೆ ಮಾಡಿದ ವಾದ. ಅವುಗಳ ದನಿಯೂ ಕೊಂಚ ಒರಟೆಂದೇ ಹೇಳಬೇಕು. ಆದರೆ 1847ರಲ್ಲಿ ಹೊರಬಂದ 'ಯಾತ್ರಿಕನ ಸಂಚಾರ'ದ ಬಗೆ ಬೇರೆ. ಅದು ಇಂಗ್ಲೆಂಡಿನ ಜಾನ್ ಬನಿಯನ್ 1678ರಲ್ಲಿ ಪ್ರಕಟಿಸಿದ ಕಥೆಯ ಕನ್ನಡ ರೂಪ. ಬನಿಯನ್ ಸಂದೇಹವನ್ನು ದೂರದಿಂದ ಕಂಡವನಲ್ಲ. ತುರ್ಕರೂ ತಮ್ಮ ಗ್ರಂಥವನ್ನು ಇಷ್ಟೇ ದೃಢವಾಗಿ ನಂಬುತ್ತಾರಲ್ಲ, ನಮ್ಮದೇ ನಿಜವೆಂದು ಹೇಗೆ ತಿಳಿಯುವುದು ಎಂದು ತಾನು ಹಿಂದೆ ತೊಳಲಿದ್ದನ್ನು ಅವನು 1666ರ ತನ್ನ ಆತ್ಮಕಥನದಲ್ಲಿ ಮುಚ್ಚಿಡದೆ ಬರೆದಿದ್ದಾನೆ. ಹಲವು ಮತದವರು ಒಂದೇ ಪೇಟೆಯಲ್ಲಿ ತಿರುಗಾಡುವ ಮಂಗಳೂರಿನವನಿಗೆ ಈ ಪ್ರಶ್ನೆ ಹೊಸದೆನಿಸಿರಲಾರದು.

ಮೂಲ ಕಥೆಯ ಒಂದು ಭಾಗವನ್ನು ಇಲ್ಲಿ ಹೇಳಬೇಕು. ಯಾತ್ರಿಕನೂ ಅವನ ಜೊತೆಗಾರನೂ ಕಲ್ಲುದಾರಿಗೆ ಬೇಸತ್ತು, ಪಕ್ಕದ ಹುಲ್ಲುಗಾವಲಿನ ಹಾದಿ ಹಿಡಿದು, ನಿರಾಶೆಯೆಂಬ ದೈತ್ಯನ ಕೈಗೆ ಸಿಕ್ಕುತ್ತಾರೆ. ಅವನ ಕೋಟೆಯ ಹೆಸರೇ ಸಂದೇಹ. ಬುಧವಾರದಿಂದ ಶನಿವಾರದವರೆಗೆ ಅನ್ನವಿಲ್ಲ, ನೀರಿಲ್ಲ, ಬೆಳಕಿಲ್ಲ. ದೈತ್ಯನು ಹೆಂಡತಿಯ ಮಾತು ಕೇಳಿ ದೊಣ್ಣೆಯಿಂದ ಬಡಿಯುತ್ತಾನೆ. ಕೊನೆಗೆ, ನೀವೇ ಪ್ರಾಣ ಕಳೆದುಕೊಳ್ಳಿರೆಂದು ಬೋಧಿಸುತ್ತಾನೆ. ಯಾತ್ರಿಕನು ಹಾಗೆಯೇ ಮಾಡೋಣವೆ ಎಂದು ಯೋಚಿಸುವಷ್ಟು ಕುಗ್ಗುತ್ತಾನೆ. ತಡೆದವನು ಜೊತೆಗಾರ. ಶನಿವಾರ ಮಧ್ಯರಾತ್ರಿಯಿಂದ ಇಬ್ಬರೂ ಪ್ರಾರ್ಥನೆಗೆ ತೊಡಗುತ್ತಾರೆ. ಬೆಳಗಾಗುವ ಹೊತ್ತಿಗೆ ಯಾತ್ರಿಕನಿಗೆ ನೆನಪಾಗುತ್ತದೆ: ಬೀಗದ ಕೈ ತನ್ನ ಎದೆಯಲ್ಲೇ ಇದೆ! ಅದರ ಹೆಸರು ವಾಗ್ದಾನ. ಒಳಬಾಗಿಲುಗಳು ಸುಲಭವಾಗಿ ತೆರೆಯುತ್ತವೆ. ಹೊರಗಿನ ಕಬ್ಬಿಣದ ಬಾಗಿಲು ಮಾತ್ರ ಬಹಳ ಕಾಡಿಸುತ್ತದೆ. ಈ ಕಬ್ಬಿಣದ ಬಾಗಿಲಿನಿಂದಾಗಿಯೇ ನನಗೆ ಕಥೆ ನಿಜವೆನಿಸುವುದು.

ನಂಬಿಕೆಯುಳ್ಳವನೂ ಈ ಕೋಟೆಯಲ್ಲಿ ಸೆರೆಯಾಗಬಹುದೆಂದು ಸಭೆಯವರ ಕೈಗೇ ಅಚ್ಚುಮಾಡಿ ಕೊಡುವುದು ಆ ಪಾದ್ರಿಗಳಿಗೆ ಸಣ್ಣ ಧೈರ್ಯವೇನೂ ಆಗಿರಲಿಲ್ಲ. ತಪ್ಪಿಸಿಕೊಂಡವರು ಮುಂದೆ ಬರುವವರಿಗಾಗಿ ದಾರಿಯಲ್ಲಿ ಎಚ್ಚರಿಕೆಯ ಕಂಬವೊಂದನ್ನೂ ನೆಟ್ಟು ಹೋಗುತ್ತಾರೆ.

ಪುಸ್ತಕ ಹೊರಬಂದ ವರ್ಷ ಆನಂದರಾಯರು ಮಂಗಳೂರಿನಲ್ಲಿರಲಿಲ್ಲ, ಬಾಸೆಲಿನಲ್ಲಿ ಓದುತ್ತಿದ್ದರು. 1851ರಲ್ಲಿ ಅವರು ಪಾದ್ರಿಯಾಗಿ ಹಿಂತಿರುಗಿದರು. ಇತರರ ಸಂದೇಹವನ್ನು ಕುಳಿತು ಕೇಳುವ ಸರದಿ ಈಗ ಅವರದಾಯಿತು.