ಗೋಡೆಗೆ ತಾಗಿದ ಅಲೆ, ಮರೆಯಲ್ಲಿರುವ ವಾಹನ: ನಗರಗಳಲ್ಲಿ ರಾಡಾರ್ ಕಣ್ಗಾವಲು

ಟೇಕಲ್ (ಮಾಲೂರು ತಾಲ್ಲೂಕು): ಇಲ್ಲಿನ ಕಲ್ಲುಬೆಟ್ಟಗಳ ಎದುರು ನಿಂತು ಗಟ್ಟಿಯಾಗಿ ಕೂಗಿದರೆ ಕೂಗು ಬಂಡೆಗೆ ತಾಗಿ ಹಿಂದಿರುಗುತ್ತದೆ. ಬಂಡೆ 170 ಮೀಟರ್ ದೂರದಲ್ಲಿದ್ದರೆ ಪ್ರತಿಧ್ವನಿ ಕಿವಿಗೆ ಬೀಳಲು ಸುಮಾರು ಒಂದು ಸೆಕೆಂಡು ಬೇಕು. ಎಷ್ಟು ಹೊತ್ತಿಗೆ ಹಿಂದಿರುಗಿತು ಎಂಬುದನ್ನು ಎಣಿಸಿದರೆ ಬಂಡೆಯ ದೂರ ತಿಳಿಯುತ್ತದೆ. ಹೆದ್ದಾರಿಯ ಬದಿಯಲ್ಲಿ ಪೊಲೀಸರು ಹಿಡಿಯುವ ವೇಗಮಾಪಕದಿಂದ ಹಿಡಿದು ಯುದ್ಧವಿಮಾನದ ಮೂತಿಯಲ್ಲಿರುವ ಯಂತ್ರದವರೆಗೆ ಎಲ್ಲ ರಾಡಾರ್‌ಗಳ ಮೂಲತತ್ವವೂ ಇದೇ ಆಗಿದೆ. ವ್ಯತ್ಯಾಸವೆಂದರೆ ಅಲ್ಲಿ ಧ್ವನಿಯ ಬದಲು ರೇಡಿಯೋ ಅಲೆ ಇರುತ್ತದೆ.

ಆದರೆ ಬೆಟ್ಟಗಳ ನಡುವೆ ಕೂಗಿದವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಕೆಲವೊಮ್ಮೆ ಒಂದೇ ಕೂಗು ಎರಡು, ಮೂರು ದಿಕ್ಕುಗಳಿಂದ ಕೇಳಿಸುತ್ತದೆ. ಯಾವುದು ಎಲ್ಲಿಂದ ಬಂತೆಂದು ಹೇಳುವುದು ಕಷ್ಟ. ಬಹುಮಹಡಿ ಕಟ್ಟಡಗಳ ನಡುವೆ ವಾಹನಗಳನ್ನು ಗುರುತಿಸಹೊರಟ ರಾಡಾರ್ ಎದುರಿಸುವುದೂ ಇದೇ ಸಮಸ್ಯೆಯನ್ನು. ಈ ತೊಡಕನ್ನೇ ಉಪಾಯವಾಗಿ ಬಳಸಿಕೊಳ್ಳುವ ಪ್ರಯತ್ನ ಹಲವು ವರ್ಷಗಳಿಂದ ನಡೆದಿದೆ. ದಂಡದ ನೋಟಿಸು, ಅಪಘಾತ ತಡೆ ಮತ್ತು ಖಾಸಗಿತನ ಈ ಮೂರಕ್ಕೂ ಅದರೊಡನೆ ಸಂಬಂಧವಿರುವುದರಿಂದ ವಿಷಯವನ್ನು ಸಾಮಾನ್ಯ ಓದುಗರೂ ಅರಿತಿರುವುದು ಒಳಿತು.

ಕೆಲಸ ಮಾಡುವ ಬಗೆ

ರೇಡಿಯೋ ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. 150 ಮೀಟರ್ ದೂರದ ವಾಹನಕ್ಕೆ ತಾಗಿ ಹಿಂದಿರುಗಲು ಅದಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಸಮಯ ಸಾಕು. ಈ ಕಾಲಾವಧಿಯಿಂದ ದೂರ ತಿಳಿಯುತ್ತದೆ.

ವೇಗ ತಿಳಿಯುವುದು ಡಾಪ್ಲರ್ ಪರಿಣಾಮದಿಂದ. ಆಸ್ಟ್ರಿಯಾದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ ಇದನ್ನು 1842ರಲ್ಲಿ ವಿವರಿಸಿದರು. ರೈಲು ನಿಲ್ದಾಣದತ್ತ ಬರುವಾಗ ಅದರ ಶಿಳ್ಳೆ ತೀಕ್ಷ್ಣವಾಗಿಯೂ, ದಾಟಿಹೋದ ಮೇಲೆ ಮಂದವಾಗಿಯೂ ಕೇಳುವುದು ಇದೇ ಕಾರಣಕ್ಕೆ. ಹಾಗೆಯೇ ಎದುರು ಬರುವ ವಾಹನಕ್ಕೆ ತಾಗಿದ ಅಲೆಯ ಕಂಪನಾಂಕ ತುಸು ಹೆಚ್ಚುತ್ತದೆ, ದೂರ ಸರಿಯುವ ವಾಹನಕ್ಕೆ ತಾಗಿದ್ದು ತುಸು ತಗ್ಗುತ್ತದೆ. 24 ಗಿಗಾಹರ್ಟ್ಸ್ ಆಸುಪಾಸಿನ ವೇಗಮಾಪಕದಲ್ಲಿ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಕಾರು ಉಂಟುಮಾಡುವ ಬದಲಾವಣೆ ಸುಮಾರು 2,680 ಹರ್ಟ್ಸ್. ಯಂತ್ರವು ಈ ಅಂತರವನ್ನು ಅಳೆದು ವೇಗವಾಗಿ ಪರಿವರ್ತಿಸುತ್ತದೆ.

ಇಂತಹ ಕಿರು ಅಲೆಗಳ ಪ್ರಯೋಗದಲ್ಲಿ ಭಾರತವೇ ಮುಂಚೂಣಿಯಲ್ಲಿತ್ತು ಎಂಬುದು ಗಮನಾರ್ಹ. ಆಚಾರ್ಯ ಜಗದೀಶಚಂದ್ರ ಬೋಸರು 1890ರ ದಶಕದಲ್ಲೇ ಕೋಲ್ಕತ್ತದಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಅಲೆಗಳನ್ನು ಸೃಷ್ಟಿಸಿ ಅವುಗಳ ಪ್ರತಿಫಲನವನ್ನು ಅಭ್ಯಸಿಸಿದ್ದರು.

ಬಯಲಿನಲ್ಲಿ ಸುಲಭ, ಬೀದಿಯಲ್ಲಿ ಕಷ್ಟ

ಮಾಲೂರು ತಾಲ್ಲೂಕನ್ನು ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕದ ಭಾಗ ಸುಮಾರು 71 ಕಿ.ಮೀ. ಉದ್ದವಿದ್ದು, 2024ರ ಡಿಸೆಂಬರ್‌ನಲ್ಲಿ ವಾಹನಗಳಿಗೆ ತೆರೆದುಕೊಂಡಿತು. ಗಂಟೆಗೆ 120 ಕಿ.ಮೀ. ವೇಗಕ್ಕೆ ವಿನ್ಯಾಸಗೊಂಡಿರುವ ಇಂತಹ ನೇರ, ಮುಕ್ತ ರಸ್ತೆಯಲ್ಲಿ ರಾಡಾರ್ ಮತ್ತು ವಾಹನದ ನಡುವೆ ಅಡ್ಡಿಯಾಗುವ ವಸ್ತುಗಳು ಕಡಿಮೆ. ಹೋದ ಅಲೆ ಬಹುಮಟ್ಟಿಗೆ ಅದೇ ಹಾದಿಯಲ್ಲಿ ಹಿಂದಿರುಗುತ್ತದೆ. 2023ರ ಜುಲೈನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅಪಘಾತಗಳು ಹೆಚ್ಚಿದಾಗ ಪೊಲೀಸರು ವೇಗಮಾಪಕ ರಾಡಾರ್‌ಗಳನ್ನು ಹಿಡಿದು ನಿಂತದ್ದನ್ನು ಓದುಗರು ಬಲ್ಲರು.

ಬಯಲಿನಲ್ಲಿ ಆಕಾಶದಿಂದಲೂ ಈ ಕೆಲಸ ಸಾಧ್ಯ. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ‘ಜಾಯಿಂಟ್ ಸ್ಟಾರ್ಸ್’ ವಿಮಾನಗಳು ಮರುಭೂಮಿಯಲ್ಲಿ ಚಲಿಸುತ್ತಿದ್ದ ಸೇನಾ ವಾಹನಗಳನ್ನು ರಾಡಾರ್ ಮೂಲಕ ಪತ್ತೆ ಹಚ್ಚಿದ್ದವು.

ಅದೇ ವಿಮಾನ ನಗರದ ಮೇಲೆ ಹಾರಿದರೆ ಚಿತ್ರವೇ ಬದಲಾಗುತ್ತದೆ. ಸರಳ ಲೆಕ್ಕವೊಂದನ್ನು ಗಮನಿಸಬಹುದು. 12 ಮೀಟರ್ ಅಗಲದ ರಸ್ತೆಯ ಎರಡೂ ಬದಿಗೆ 24 ಮೀಟರ್ ಎತ್ತರದ, ಅಂದರೆ ಸುಮಾರು ಎಂಟು ಮಹಡಿಯ, ಕಟ್ಟಡಗಳಿವೆ ಎಂದಿಟ್ಟುಕೊಳ್ಳೋಣ. ಕಟ್ಟಡಗಳಾಚೆಯಿಂದ ನೋಡುವ ವಿಮಾನಕ್ಕೆ ಆ ರಸ್ತೆಯ ಒಂದು ಅಂಚಾದರೂ ನೇರವಾಗಿ ಕಾಣಬೇಕಾದರೆ ಅದು ನೆಲಮಟ್ಟದಿಂದ 63 ಡಿಗ್ರಿಗಿಂತ ಕಡಿದಾದ ಕೋನದಲ್ಲಿರಬೇಕು. 6 ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನಕ್ಕೆ ಇದರರ್ಥ, ರಸ್ತೆಯಿಂದ 3 ಕಿ.ಮೀ. ಸರಿದೊಡನೆ ವಾಹನ ಕಟ್ಟಡದ ಮರೆಗೆ ಸೇರಿತು.

ಅಡ್ಡಿಯಾದ ಗೋಡೆಯೇ ಕನ್ನಡಿ

ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2009ರ ಸುಮಾರಿಗೆ ಕೈಗೆತ್ತಿಕೊಂಡ ಯೋಜನೆಯೊಂದು ಈ ಸಮಸ್ಯೆಯನ್ನು ತಿರುಗಿಸಿ ನೋಡಿತು. ಗೋಡೆಗಳಿಂದ ಚಿಮ್ಮಿ ಬಳಸುದಾರಿಯಲ್ಲಿ ಬರುವ ಅಲೆಗಳನ್ನು ಅಲ್ಲಿಯವರೆಗೆ ಕಸವೆಂದು ಸೋಸಿ ಎಸೆಯಲಾಗುತ್ತಿತ್ತು. ಅವುಗಳಲ್ಲೇ ಮರೆಯಲ್ಲಿರುವ ವಾಹನದ ಸುಳಿವಿದೆ, ಅದನ್ನು ಬಳಸಿಕೊಳ್ಳಬೇಕು ಎಂಬುದು ಯೋಜನೆಯ ಆಶಯವಾಗಿತ್ತು. ಬಹುಪಥ ಪ್ರತಿಫಲನಗಳನ್ನೇ ದುಡಿಸಿಕೊಳ್ಳುವ ಈ ವಿಧಾನಕ್ಕೆ ‘ಮಲ್ಟಿಪಾತ್ ಎಕ್ಸ್‌ಪ್ಲಾಯ್ಟೇಶನ್ ರಾಡಾರ್’ ಎಂದು ಹೆಸರಿಡಲಾಯಿತು.

ಮೇಲಿನ ಲೆಕ್ಕವನ್ನೇ ಮುಂದುವರಿಸಬಹುದು. ಅಲೆಯು ಈಚೆಯ ಕಟ್ಟಡದ ನೆತ್ತಿಯನ್ನು ದಾಟಿ, ಆಚೆಯ ಗೋಡೆಗೆ ಒಮ್ಮೆ ತಾಗಿ, ಅಲ್ಲಿಂದ ರಸ್ತೆಗೆ ಇಳಿಯಲು ಅವಕಾಶವಾದರೆ ಅದು ಎರಡು ರಸ್ತೆಯಗಲದಷ್ಟು ಅಡ್ಡಕ್ಕೆ ಚಲಿಸಿದಂತಾಗುತ್ತದೆ. ಆಗ 45 ಡಿಗ್ರಿ ಕೋನವೇ ಸಾಕು. 3 ಕಿ.ಮೀ. ಇದ್ದ ವ್ಯಾಪ್ತಿ 6 ಕಿ.ಮೀ. ಆಗುತ್ತದೆ. ಎರಡು, ಮೂರು ಬಾರಿ ಚಿಮ್ಮಿದ ಅಲೆಗಳನ್ನೂ ಬಳಸಿದರೆ ಇನ್ನೂ ದೂರ ಹೋಗಬಹುದು. ಆದರೆ ಪ್ರತಿ ತಾಗುವಿಕೆಯಲ್ಲೂ ಅಲೆಯ ಶಕ್ತಿ ಕುಂದುತ್ತದೆ.

ಇದಕ್ಕೆ ಅತ್ಯಗತ್ಯವಾದದ್ದು ನಗರದ ಮೂರು ಆಯಾಮದ ನಕ್ಷೆ. ಯಾವ ಗೋಡೆ ಎಲ್ಲಿದೆ, ಎಷ್ಟು ಎತ್ತರವಿದೆ ಎಂಬುದು ಮೊದಲೇ ತಿಳಿದಿದ್ದರೆ, ಇಷ್ಟು ತಡವಾಗಿ ಇಂಥ ದಿಕ್ಕಿನಿಂದ ಬಂದ ಅಲೆ ಯಾವ ಗೋಡೆಯನ್ನು ಬಳಸಿ ಯಾವ ಬೀದಿಯಿಂದ ಬಂತು ಎಂಬುದನ್ನು ಗಣಕಯಂತ್ರ ಹಿಮ್ಮುಖವಾಗಿ ಲೆಕ್ಕ ಹಾಕಬಲ್ಲದು. ನಕ್ಷೆ ಹಳತಾದರೆ ಲೆಕ್ಕವೂ ತಪ್ಪುತ್ತದೆ. ತಿಂಗಳಿಗೊಂದು ಮಹಡಿ ಏರುವ ಬೆಂಗಳೂರಿನಂತಹ ನಗರದಲ್ಲಿ ಇದು ಸಣ್ಣ ಮಾತಲ್ಲ. ಚಿಕ್ಕಪೇಟೆ, ಅವೆನ್ಯೂ ರಸ್ತೆಯಂತಹ ಇಕ್ಕಟ್ಟಿನ ಬೀದಿಗಳಲ್ಲಿ ಅಂಗಡಿಗಳ ತಗಡಿನ ಶಟರ್, ನಾಮಫಲಕ, ಬಾಲ್ಕನಿ, ನಿಂತ ಲಾರಿ ಎಲ್ಲವೂ ಅಲೆಯನ್ನು ತಮ್ಮದೇ ದಿಕ್ಕಿಗೆ ಚಿಮ್ಮಿಸುತ್ತವೆ. ಚಲಿಸುವ ಬಸ್ಸಿನ ಮಗ್ಗುಲಿಗೆ ತಾಗಿದ ಅಲೆಯಲ್ಲಂತೂ ಬಸ್ಸಿನ ವೇಗವೂ ಬೆರೆತಿರುತ್ತದೆ.

ತಿರುವಿನಾಚೆ ಬರುವ ಸೈಕಲ್

ಸೇನೆಗಾಗಿ ಹುಟ್ಟಿದ ಆಲೋಚನೆ ರಸ್ತೆ ಸುರಕ್ಷತೆಗೂ ಹೊರಳಿದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಫೆಲಿಕ್ಸ್ ಹೈಡೆ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕಾರಿಗೆ ಅಳವಡಿಸಿದ ಡಾಪ್ಲರ್ ರಾಡಾರ್ ಬಳಸಿ ಬೀದಿಯ ತಿರುವಿನಾಚೆ ಇರುವ ಪಾದಚಾರಿ ಮತ್ತು ಸೈಕಲ್ ಸವಾರರನ್ನು ಗುರುತಿಸಿ ತೋರಿಸಿದರು. ಎದುರಿನ ಕಟ್ಟಡದ ಗೋಡೆ ಅಥವಾ ನಿಲ್ಲಿಸಿದ ಕಾರುಗಳೇ ಇಲ್ಲಿ ಕನ್ನಡಿಯಾದವು.

ಗೋಡೆ ಕನ್ನಡಿಯಾಗುವುದು ಹೇಗೆ ಎಂಬ ಪ್ರಶ್ನೆ ಸಹಜ. ಬೆಳಕಿನ ಅಲೆಯುದ್ದ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅದಕ್ಕೆ ಸುಣ್ಣ ಬಳಿದ ಗೋಡೆಯೂ ಒರಟು ಮೇಲ್ಮೈ, ಹಾಗಾಗಿ ಬೆಳಕು ಎಲ್ಲೆಡೆ ಚೆದುರುತ್ತದೆ. ಕಾರಿನ 77 ಗಿಗಾಹರ್ಟ್ಸ್ ರಾಡಾರ್‌ನ ಅಲೆಯುದ್ದ ಸುಮಾರು 4 ಮಿಲಿಮೀಟರ್. ಅದಕ್ಕೆ ಗಾರೆಯ ಸಣ್ಣ ಉಬ್ಬುತಗ್ಗುಗಳು ಲೆಕ್ಕಕ್ಕಿಲ್ಲ. ಭಾರತದಲ್ಲಿ 76–77 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ವಾಹನಗಳ ಕಿರುವ್ಯಾಪ್ತಿ ರಾಡಾರ್‌ಗಳಿಗೆ 2015ರಲ್ಲೇ ಪರವಾನಗಿಯಿಂದ ವಿನಾಯಿತಿ ನೀಡಲಾಗಿದೆ.

ಬೆಂಗಳೂರಿನ ಪಾತ್ರ

ದೇಶದ ರಾಡಾರ್ ವಿದ್ಯೆಯ ತವರು ಬೆಂಗಳೂರು ಎಂದರೆ ಅತಿಶಯೋಕ್ತಿಯಲ್ಲ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಮತ್ತು ರಕ್ಷಣಾ ಸಂಶೋಧನಾ ಸಂಸ್ಥೆಯ ಅಂಗವಾದ ಎಲ್‌ಆರ್‌ಡಿಇ ಪ್ರಯೋಗಾಲಯ ಎರಡೂ ಇಲ್ಲಿವೆ. ಚಲಿಸುವ ಮನುಷ್ಯರನ್ನೂ ವಾಹನಗಳನ್ನೂ ಪತ್ತೆಹಚ್ಚುವ, ಸೈನಿಕರು ಹೊತ್ತೊಯ್ಯಬಲ್ಲ ರಣಭೂಮಿ ರಾಡಾರ್ ಇಲ್ಲಿ ರೂಪುಗೊಂಡು ಸೇನೆಗೆ ಸೇರಿದೆ.

ಆದರೆ ನಗರದ ಸಂಚಾರ ನಿರ್ವಹಣೆ ಇಂದಿಗೂ ಮುಖ್ಯವಾಗಿ ಕ್ಯಾಮೆರಾವನ್ನು ಅವಲಂಬಿಸಿದೆ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ವೃತ್ತಗಳಲ್ಲಿ ಚಾಲನೆ ಪಡೆದ ವ್ಯವಸ್ಥೆಯಲ್ಲಿ ನಂಬರ್ ಪ್ಲೇಟ್ ಓದುವ 250 ಹಾಗೂ ಸಿಗ್ನಲ್ ಉಲ್ಲಂಘನೆ ಗುರುತಿಸುವ 80 ಕ್ಯಾಮೆರಾಗಳಿದ್ದವು. ಕಾರಣ ಸ್ಪಷ್ಟವಿದೆ. ರಾಡಾರ್ ವಾಹನ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಹೇಳಬಲ್ಲದು, ಅದು ಯಾರದೆಂದು ಹೇಳಲಾರದು. ಕ್ಯಾಮೆರಾ ಯಾರದೆಂದು ಹೇಳಬಲ್ಲದು, ಆದರೆ ಮಂಜು, ಮಳೆ, ಕತ್ತಲೆಯಲ್ಲಿ ಸೋಲುತ್ತದೆ. ಎರಡನ್ನೂ ಜೋಡಿಸಿದಾಗಲೇ ವ್ಯವಸ್ಥೆ ಪೂರ್ಣವಾಗುತ್ತದೆ.

ಮರವೂ ಓಡಿತು, ಮನೆಯೂ ಓಡಿತು

ಪ್ರತಿಫಲನ ದಾರಿ ತೋರಿಸುವಂತೆಯೇ ದಾರಿ ತಪ್ಪಿಸಲೂಬಲ್ಲದು. 1979ರಲ್ಲಿ ಅಮೆರಿಕದ ಮಯಾಮಿಯಲ್ಲಿ ದೂರದರ್ಶನ ಕೇಂದ್ರವೊಂದು ಪೊಲೀಸ್ ರಾಡಾರ್‌ಗಳ ದೋಷವನ್ನು ಬಯಲಿಗೆಳೆಯಿತು. ತಾಳೆಮರವೊಂದು ಗಂಟೆಗೆ 86 ಮೈಲಿ (ಸುಮಾರು 138 ಕಿ.ಮೀ.), ಮನೆಯೊಂದು 28 ಮೈಲಿ (45 ಕಿ.ಮೀ.) ವೇಗದಲ್ಲಿ ಚಲಿಸುತ್ತಿರುವುದಾಗಿ ಯಂತ್ರ ತೋರಿಸಿತ್ತು! ಅದೇ ವರ್ಷ ಅಲ್ಲಿನ ನ್ಯಾಯಾಧೀಶ ಆಲ್‌ಫ್ರೆಡ್ ನೆಸ್ಬಿಟ್, ಆಗ ಬಳಕೆಯಲ್ಲಿದ್ದ ರೀತಿಯ ರಾಡಾರ್ ಸಾಕ್ಷ್ಯವನ್ನು ಸಂಶಯಾತೀತವೆಂದು ಒಪ್ಪಲು ನಿರಾಕರಿಸಿದರು.

ಅಂದಿನಿಂದ ಯಂತ್ರಗಳು ಬಹಳ ಸುಧಾರಿಸಿವೆ. ಆದರೂ ಮೂಲ ಕಾರಣಗಳು ಹಾಗೆಯೇ ಇವೆ. ರಾಡಾರ್‌ನ ಕಿರಣ ದೂರ ಹೋದಂತೆ ಅಗಲವಾಗುತ್ತದೆ, ಒಂದಕ್ಕಿಂತ ಹೆಚ್ಚು ವಾಹನಗಳು ಅದರೊಳಗೆ ಬರಬಹುದು. ಸಣ್ಣ ಕಾರಿನ ಹಿಂದೆ ದೊಡ್ಡ ಲಾರಿಯಿದ್ದರೆ ಲಾರಿಯ ಪ್ರತಿಫಲನವೇ ಪ್ರಬಲವಾಗಬಹುದು. ಲೋಹದ ಫಲಕಕ್ಕೆ ತಾಗಿ ಬಂದ ಅಲೆ ಬೇರೆ ದಿಕ್ಕಿನ ವಾಹನದ ವೇಗವನ್ನು ಹೊತ್ತು ತರಬಹುದು. ಓರೆಯಾಗಿ ಹಿಡಿದ ಯಂತ್ರ ಮಾತ್ರ ಚಾಲಕನ ಪರವಾಗಿಯೇ ತಪ್ಪುತ್ತದೆ: 20 ಡಿಗ್ರಿ ಓರೆಯಾದರೆ 60 ಕಿ.ಮೀ. ವೇಗ ಸುಮಾರು 56 ಎಂದು ಕಾಣುತ್ತದೆ.

ಕಾನೂನಿನ ರಕ್ಷಣೆ

ಹೀಗಾಗಿ ಯಂತ್ರದ ಮಾತಿಗೆ ಪುರಾವೆ ಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 136ಎ ಕಲಂ ವಿದ್ಯುನ್ಮಾನ ಕಣ್ಗಾವಲಿಗೆ ಅವಕಾಶ ನೀಡಿತು. 2021ರ ಆಗಸ್ಟ್‌ನಲ್ಲಿ ಪ್ರಕಟವಾದ 167ಎ ನಿಯಮವು ಉಪಕರಣಕ್ಕೆ ಅನುಮೋದನಾ ಪ್ರಮಾಣಪತ್ರವಿರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಕಣ್ಗಾವಲಿರುವ ರಸ್ತೆಗೆ ಮುನ್ನ ಎಚ್ಚರಿಕೆಯ ಫಲಕವಿರಬೇಕು ಎಂದು ವಿಧಿಸಿತು. ನೋಟಿಸಿನೊಂದಿಗೆ ಉಲ್ಲಂಘನೆ ಮತ್ತು ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಚಿತ್ರ, ಯಂತ್ರ ದಾಖಲಿಸಿದ ಅಳತೆ, ದಿನಾಂಕ, ಸಮಯ, ಸ್ಥಳ ಹಾಗೂ ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರ ಇರಬೇಕೆಂದೂ ಅದು ಹೇಳಿತು. ಈ ಪ್ರಮಾಣಪತ್ರಕ್ಕೆ ಹಿಂದೆ ಸಾಕ್ಷ್ಯ ಅಧಿನಿಯಮದ 65ಬಿ ಕಲಂ ಆಧಾರವಾಗಿತ್ತು. 2024ರ ಜುಲೈ 1ರಿಂದ ಆ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇದೆ.

ಇದಕ್ಕೆ ಪೂರಕವಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2025ರಲ್ಲಿ, ವಾಹನಗಳ ವೇಗ ಅಳೆಯುವ ರಾಡಾರ್‌ಗಳನ್ನು ಕಾನೂನು ಮಾಪನಶಾಸ್ತ್ರ ನಿಯಮಗಳ ವ್ಯಾಪ್ತಿಗೆ ತಂದಿತು. ಕಿರಾಣಿ ಅಂಗಡಿಯ ತಕ್ಕಡಿಯಂತೆಯೇ ಇವಕ್ಕೂ ಪರಿಶೀಲನೆ ಮತ್ತು ಮುದ್ರೆ ಕಡ್ಡಾಯವೆಂಬುದು ಇದರ ತಿರುಳು. ದಂಡದ ನೋಟಿಸು ಬಂದವರು ಚಿತ್ರದಲ್ಲಿ ತಮ್ಮ ವಾಹನದೊಂದಿಗೆ ಬೇರೆ ವಾಹನಗಳೂ ಇವೆಯೇ, ಸ್ಥಳ ಮತ್ತು ಸಮಯ ಹೊಂದುತ್ತವೆಯೇ ಎಂಬುದನ್ನು ಮೊದಲು ಗಮನಿಸುವುದು ಲೇಸು. ಸಂಶಯವಿದ್ದಲ್ಲಿ ಯಂತ್ರದ ಪ್ರಮಾಣಪತ್ರವನ್ನು ಕೇಳುವುದು ತಪ್ಪಲ್ಲ.

ಉಳಿದ ಪ್ರಶ್ನೆ

ಆದರೆ ಈ ನಿಯಮಗಳೆಲ್ಲ ದಂಡ ವಿಧಿಸುವ ಯಂತ್ರಕ್ಕೆ ಸಂಬಂಧಿಸಿದವು. ದಂಡ ವಿಧಿಸದೆ, ಕಣ್ಣಿಗೂ ಬೀಳದೆ, ಬೀದಿಯಿಂದ ಬೀದಿಗೆ ವಾಹನವನ್ನು ಹಿಂಬಾಲಿಸುವ ಯಂತ್ರದ ವಿಚಾರ ಬೇರೆ. ಕ್ಯಾಮೆರಾ ಕಂಬದ ಮೇಲೆ ಕಾಣುತ್ತದೆ, ಗೋಡೆಯಿಂದ ಚಿಮ್ಮುವ ಅಲೆ ಕಾಣುವುದಿಲ್ಲ. ಒಂದು ವೃತ್ತದಲ್ಲಿ ನಂಬರ್ ಪ್ಲೇಟ್ ಓದಿದ ಕ್ಯಾಮೆರಾಕ್ಕೆ ಇಂತಹ ರಾಡಾರ್ ಜೊತೆಯಾದರೆ, ಕ್ಯಾಮೆರಾ ಇಲ್ಲದ ಓಣಿಯಲ್ಲೂ ಆ ವಾಹನದ ಜಾಡು ಹಿಡಿಯಲು ಸಾಧ್ಯವಾಗುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಅದಕ್ಕೆ ಮಿತಿ ಹೇರುವುದಾದರೆ ಕಾನೂನಿನ ಆಧಾರ, ನ್ಯಾಯಯುತ ಉದ್ದೇಶ ಮತ್ತು ತಕ್ಕ ಪ್ರಮಾಣ ಇರಬೇಕೆಂಬುದು ಆ ತೀರ್ಪಿನ ಅಳತೆಗೋಲು.

ತಿರುವಿನಾಚೆಯ ಸೈಕಲ್ ಸವಾರನನ್ನು ಉಳಿಸಬಲ್ಲ ತಂತ್ರವೇ ಮನೆಗೆ ಹೊರಟವನ ಬೆನ್ನು ಹತ್ತಲೂಬಲ್ಲದು. ಮೊದಲನೆಯದಕ್ಕೆ ಪ್ರೋತ್ಸಾಹ ಬೇಕು, ಎರಡನೆಯದಕ್ಕೆ ಕಡಿವಾಣ ಬೇಕು. ತಂತ್ರ ನಮ್ಮ ಬೀದಿಗಳಿಗೆ ಬರುವ ಮುನ್ನವೇ ಆ ಗೆರೆಯನ್ನು ಎಳೆಯುವುದು ವಿವೇಕ.