ಆಳಕ್ಕೆ ಇಳಿಯುವ ಮುನ್ನ: ಟೆಕ್ನಿಕಲ್ ಡೈವಿಂಗ್ ತರಬೇತಿ ಬೆಳೆದು ಬಂದ ಬಗೆ

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಸಾಧನ ತೊಟ್ಟು ಸಮುದ್ರಕ್ಕಿಳಿಯುವವರ ಬಗ್ಗೆ ನೀವು ಕೇಳಿರಬಹುದು. ಅದು ಮನರಂಜನೆಯ ಡೈವಿಂಗ್. ಅಲ್ಲಿ ಏನಾದರೂ ಕೆಟ್ಟರೆ ನಿಧಾನವಾಗಿ ನೇರ ಮೇಲಕ್ಕೆ ಬಂದುಬಿಡಬಹುದು. ಆದರೆ ನೆತ್ತಿಯ ಮೇಲೆ ಗುಹೆಯ ಛಾವಣಿ ಇದ್ದರೆ? ಅಥವಾ ದೇಹದಲ್ಲಿ ಕರಗಿದ ನೈಟ್ರೊಜನ್ ಹೊರಹೋಗಲು ದಾರಿಯಲ್ಲಿ ಅಲ್ಲಲ್ಲಿ ನಿಂತೇ ಬರಬೇಕಾಗಿದ್ದರೆ? ಇಂತಹ ಡೈವಿಂಗ್‌ಗೆ ಟೆಕ್ನಿಕಲ್ ಡೈವಿಂಗ್ ಎಂದು ಹೆಸರು. ಇದನ್ನು ಕಲಿಯಬಯಸುವವರು ಮೊದಲ ತರಬೇತಿಯನ್ನೂ ತರಬೇತುದಾರರನ್ನೂ ಹೇಗೆ ಆರಿಸಬೇಕು? ಇದಕ್ಕೆ ಉತ್ತರ ಈ ಡೈವಿಂಗ್‌ನ ಇತಿಹಾಸದಲ್ಲೇ ಇದೆ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಂತೆ ದ್ರವದಲ್ಲಿ ಕರಗುವ ಅನಿಲವೂ ಹೆಚ್ಚುತ್ತದೆ ಎಂಬ ಹೆನ್ರಿಯ ನಿಯಮವನ್ನು ನೀವು ಓದಿದ್ದೀರಿ. ಬೇಗನೆ ಮೇಲೆ ಬಂದರೆ ಕರಗಿದ ನೈಟ್ರೊಜನ್ ಸೋಡಾ ಬಾಟಲಿಯ ಮುಚ್ಚಳ ತೆರೆದಾಗಿನಂತೆ ಗುಳ್ಳೆಗಟ್ಟುತ್ತದೆ. ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತ ಹಂತವಾಗಿ ಮೇಲೇರುವ ಕ್ರಮವನ್ನು 1908ರಲ್ಲಿ ಪ್ರಕಟಿಸಿದರು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ಆಕ್ವಾಲಂಗ್ ಉಪಕರಣವನ್ನು ರೂಪಿಸಿದ ಮೇಲೆ ಸಾಮಾನ್ಯರೂ ನೀರಿನಡಿ ಉಸಿರಾಡುವಂತಾಯಿತು. ಉಪಕರಣ ಬೇಗ ಹರಡಿತು. ತಿಳಿವಳಿಕೆ ಅಷ್ಟು ಬೇಗ ಹರಡಲಿಲ್ಲ.

ಇದರ ಬೆಲೆ ಗೊತ್ತಾದದ್ದು ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ. ಅಲ್ಲಿನ ಸುಣ್ಣಕಲ್ಲಿನ ನೆಲದಲ್ಲಿ ನೀರು ತುಂಬಿದ ಉದ್ದುದ್ದ ಗುಹೆಗಳಿವೆ. ನೀರು ಸ್ಫಟಿಕದಂತೆ ತಿಳಿ. ಆದರೆ ಕಾಲ ಪಟ್ಟಿ ಒಮ್ಮೆ ತಳಕ್ಕೆ ತಗುಲಿದರೆ ಸಾಕು, ನುಣ್ಣನೆಯ ಕೆಸರು ಎದ್ದು ಕೈ ಕಾಣದಂತಾಗುತ್ತದೆ. 1960 ಮತ್ತು 70ರ ದಶಕಗಳಲ್ಲಿ ಇಲ್ಲಿ ಬಹಳ ಮಂದಿ ಸತ್ತರು. ಗುಹೆಗಳನ್ನು ಮುಚ್ಚಿಬಿಡಬೇಕೆಂಬ ಕೂಗೂ ಎದ್ದಿತು.

ಆಗ ಷೆಕ್ ಎಕ್ಸ್‌ಲಿ ಎಂಬ ಗುಹಾ ಡೈವರ್ ಈ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ವೃತ್ತಿಯಲ್ಲಿ ಅವರು ಪ್ರೌಢಶಾಲೆಯ ಗಣಿತ ಶಿಕ್ಷಕರು. 1979ರಲ್ಲಿ ಅವರು ಪ್ರಕಟಿಸಿದ ಕಿರುಪುಸ್ತಕದಲ್ಲಿ ಮೂರು ಕಾರಣಗಳು ಮತ್ತೆ ಮತ್ತೆ ಕಾಣಿಸಿದವು: ಹೊರಬಾಗಿಲವರೆಗೆ ದಾರಿ ತೋರುವ ದಾರವಿಲ್ಲದಿರುವುದು, ಹಿಂತಿರುಗಲು ಸಾಕಷ್ಟು ಅನಿಲ ಉಳಿಸಿಕೊಳ್ಳದಿರುವುದು, ಮಿತಿ ಮೀರಿದ ಆಳ. ಮುಂದೆ ಈ ಪಟ್ಟಿಗೆ ತರಬೇತಿಯ ಕೊರತೆ ಮತ್ತು ದೀಪಗಳ ಕೊರತೆಯೂ ಸೇರಿದವು.

ಇದರಿಂದ ನೆಲೆಗೊಂಡದ್ದೇ ಮೂರನೇ ಒಂದು ಭಾಗದ ನಿಯಮ. ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದು ಆಪತ್ತಿಗೆ. ಲೆಕ್ಕ ಹಾಕಿ ನೋಡೋಣ. 12 ಲೀಟರಿನ ಎರಡು ಸಿಲಿಂಡರುಗಳಲ್ಲಿ 200 ಬಾರ್ ಒತ್ತಡದ ಅನಿಲವಿದ್ದರೆ ಸುಮಾರು 4800 ಲೀಟರ್. ಇದರ ಮೂರನೇ ಒಂದು ಭಾಗ 1600 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 30 ಮೀಟರ್ ಆಳದಲ್ಲಿ, ಅಂದರೆ 4 ವಾಯುಮಂಡಲಗಳ ಒತ್ತಡದಲ್ಲಿ, 80 ಲೀಟರ್ ಬೇಕು. ಇಪ್ಪತ್ತೇ ನಿಮಿಷಕ್ಕೆ ಹಿಂತಿರುಗಬೇಕು! ಅತಿ ದೂರದಲ್ಲಿ ಜೊತೆಗಾರನ ಅನಿಲ ಪೂರ್ತಿ ನಿಂತರೂ, ಉಳಿದ ಎರಡು ಭಾಗಗಳಲ್ಲಿ ಇಬ್ಬರೂ ಹೊರಬರಬಹುದು.

ಸತ್ತವರಲ್ಲಿ ತೆರೆದ ನೀರಿನ ಡೈವಿಂಗ್ ಕಲಿಸುವ ತರಬೇತುದಾರರೂ ಇದ್ದರು. ಫ್ಲಾರಿಡಾದ ಗುಹೆಗಳ ಬಾಯಲ್ಲಿ ನಿಲ್ಲಿಸಿರುವ ಎಚ್ಚರಿಕೆಯ ಫಲಕಗಳು ಇದನ್ನೇ ಹೇಳುತ್ತವೆ. ತರಬೇತುದಾರನೆಂಬ ಚೀಟಿ ಎಲ್ಲ ಬಗೆಯ ನೀರಿಗೂ ರಹದಾರಿಯಲ್ಲ ಎಂಬುದು ಇಲ್ಲಿನ ಪಾಠ.

ಮುಂದಿನ ಬದಲಾವಣೆ ಅನಿಲಗಳದು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆಯ ಮಾರ್ಗನ್ ವೆಲ್ಸ್, ಶೇ. 32 ಆಕ್ಸಿಜನ್ ಇರುವ ನೈಟ್ರಾಕ್ಸ್ ಮಿಶ್ರಣದ ಬಳಕೆಗೆ ಕ್ರಮ ರೂಪಿಸಿದರು. ಅದೇ ಸಂಸ್ಥೆಯಲ್ಲಿದ್ದ ಡಿಕ್ ರುಟ್ಕೋವ್‌ಸ್ಕಿ 1985ರಲ್ಲಿ ಸಂಘವೊಂದನ್ನು ಕಟ್ಟಿ ಅದನ್ನು ಸಾಮಾನ್ಯ ಡೈವರುಗಳಿಗೂ ಕಲಿಸತೊಡಗಿದರು. ನೈಟ್ರೊಜನ್ ಕಡಿಮೆಯಾದರೆ ಒಳ್ಳೆಯದೇ. ಆದರೆ ಆಕ್ಸಿಜನ್ನಿನ ಆಂಶಿಕ ಒತ್ತಡ 1.4 ಮೀರದಂತೆ ನೋಡಿಕೊಳ್ಳುವುದು ರೂಢಿ. ಮೀರಿದರೆ ನೀರಿನಲ್ಲೇ ಸೆಳೆತ ಬರುವ ಅಪಾಯವಿದೆ. 1.4ನ್ನು 0.32ರಿಂದ ಭಾಗಿಸಿದರೆ 4.4ರಷ್ಟು ಬರುತ್ತದೆ. ಅಂದರೆ ಈ ಮಿಶ್ರಣದ ಮಿತಿ ಸುಮಾರು 33 ಮೀಟರ್. ಒಂದು ಆಳದಲ್ಲಿ ರಕ್ಷಿಸುವ ಅನಿಲವೇ ಇನ್ನೊಂದು ಆಳದಲ್ಲಿ ಕೊಲ್ಲಬಲ್ಲದು.

1990ರ ದಶಕದ ಆರಂಭದಲ್ಲಿ ಪತ್ರಕರ್ತ ಮೈಕಲ್ ಮೆಂಡುನೊ ತಮ್ಮ ಪತ್ರಿಕೆಯ ಮೂಲಕ ಟೆಕ್ನಿಕಲ್ ಡೈವಿಂಗ್ ಎಂಬ ಹೆಸರನ್ನು ಬಳಕೆಗೆ ತಂದರು. ತರಬೇತಿ ಸಂಸ್ಥೆಗಳು ಹೆಚ್ಚಿದವು. 1994ರಲ್ಲಿ ಟಿ.ಡಿ.ಐ. ಆರಂಭವಾಯಿತು. ಅದೇ ವರ್ಷ ಮೆಕ್ಸಿಕೊದ ಸಕಾಟೊನ್ ಎಂಬ ಜಲಕೂಪದ ಆಳದಲ್ಲಿ ಎಕ್ಸ್‌ಲಿಯವರೇ ತೀರಿಕೊಂಡರು. ಅನುಭವಕ್ಕೂ ಒಂದು ಮಿತಿಯಿದೆ.

1998ರಲ್ಲಿ ಜಿ.ಯು.ಇ. ಸಂಸ್ಥೆ ಸ್ಥಾಪನೆಯಾಯಿತು. ಮುಂದಿನ ತರಬೇತಿಗಳಿಗೆ ಬರುವವರಲ್ಲಿ ಮೂಲ ಕೌಶಲಗಳೇ ಗಟ್ಟಿಯಿಲ್ಲದ ಕಾರಣ ಅದು ಬುನಾದಿಯ ತರಬೇತಿಯೊಂದನ್ನು ರೂಪಿಸಿತು. ಟಿ.ಡಿ.ಐ.ಯಲ್ಲೂ ಪ್ರವೇಶ ಮಟ್ಟದ ತರಬೇತಿಯಿದೆ. ಇವುಗಳ ಉದ್ದೇಶ ಆಳಕ್ಕೆ ಒಯ್ಯುವುದಲ್ಲ. ಕಡಿಮೆ ಆಳದಲ್ಲೇ ಅಲುಗಾಡದೆ ತೇಲಿ ನಿಲ್ಲುವುದು, ಕೆಸರೆಬ್ಬಿಸದೆ ಈಜುವುದು, ಸೋರುವ ಸಿಲಿಂಡರಿನ ಕವಾಟ ಮುಚ್ಚುವುದು, ಜೊತೆಗಾರನಿಗೆ ಅನಿಲ ಕೊಡುವುದು, ಅನಿಲದ ಲೆಕ್ಕ ಹಾಕುವುದು - ಇವೇ ಪಾಠಗಳು. ಮೊದಲ ತರಬೇತಿಯಲ್ಲೇ ಹೆಚ್ಚಿನ ಆಳದ ಆಸೆ ತೋರಿಸುವವರ ಬಗ್ಗೆ ಎಚ್ಚರವಿರಲಿ.

ತರಬೇತುದಾರರನ್ನು ಆರಿಸುವಾಗ ಸಂಸ್ಥೆಯ ಹೆಸರಷ್ಟೇ ಸಾಲದು. ಅವರ ಅರ್ಹತೆ ಈಗಲೂ ಚಾಲ್ತಿಯಲ್ಲಿದೆಯೇ ಎಂದು ಸಂಸ್ಥೆಯಲ್ಲೇ ವಿಚಾರಿಸಬೇಕು. ಕಲಿಸುವುದರ ಹೊರಗೆ, ಇತ್ತೀಚೆಗೆ, ಅವರು ಸ್ವತಃ ಇಂತಹ ಡೈವಿಂಗ್ ಮಾಡುತ್ತಿದ್ದಾರೆಯೇ? ಒಮ್ಮೆಗೆ ಎಷ್ಟು ಮಂದಿಗೆ ಕಲಿಸುತ್ತಾರೆ? ನೀರಿನಲ್ಲಿ ಎಷ್ಟು ಗಂಟೆ ಕಳೆಯುತ್ತಾರೆ? ಸಾಧ್ಯವಾದರೆ ಹಣ ಕಟ್ಟುವ ಮುನ್ನ ಅವರೊಡನೆ ಒಂದು ಸಾದಾ ಡೈವ್ ಮಾಡಿ ನೋಡಬೇಕು. ಕೊನೆಗೆ ಕೇಳಲೇಬೇಕಾದ ಪ್ರಶ್ನೆ: ನೀವು ಯಾರನ್ನಾದರೂ ಅನುತ್ತೀರ್ಣಗೊಳಿಸಿದ್ದೀರಾ? ಎಲ್ಲರನ್ನೂ ಪಾಸು ಮಾಡುವ ಪರೀಕ್ಷೆಗೆ ಎಷ್ಟು ಬೆಲೆಯೆಂಬುದು ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ಇಲ್ಲಂತೂ ಮರುಪರೀಕ್ಷೆ ನಡೆಯುವುದು ನೀರಿನ ಅಡಿಯಲ್ಲಿ.