ಸಲಹೆ ಕೊಡಲು ಹೋದವರು ಹಳ್ಳಿಯಲ್ಲೇ ಉಳಿದ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸಿನ ಬಸ್ಸಿನಲ್ಲಿ ಕೂತು ಓದಿಕೊಳ್ತೀವಿ ಅನ್ನೋರಿಗಾಗಿ ಈ ಸಲದ ಮಾತಿನ ಬರಹ ರೂಪ ಇಲ್ಲಿದೆ.

ಕನ್ಸಲ್ಟೆಂಟ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋ ಚಿತ್ರ ಗೊತ್ತೇ ಇದೆ. ಲ್ಯಾಪ್‌ಟಾಪ್, ನಲವತ್ತು ಸ್ಲೈಡು, ಮೂರು ತಿಂಗಳ ಒಪ್ಪಂದ. ವರದಿ ಕೊಟ್ಟ ಮೇಲೆ ಅವರ ದಾರಿ ಅವರಿಗೆ. ಆ ವರದಿಯನ್ನು ಜಾರಿಗೆ ತರುವಾಗ ರಾತ್ರಿ ನಿದ್ದೆಗೆಡೋದು ನಮ್ಮಂಥವರು. ಇದು ಕಂಪನಿಗಳ ಮಾತಾಯ್ತು. ಆದರೆ ಸೇವಾ ಸಂಸ್ಥೆಗಳಿಗೆ, ಊರಿನ ಸಂಘಗಳಿಗೆ ಸಲಹೆ ಕೊಡೋದನ್ನೇ ವೃತ್ತಿ ಮಾಡಿಕೊಂಡವರೂ ಇದ್ದಾರೆ. ಭಾರತದಲ್ಲಿ ಈ ಕೆಲಸಕ್ಕೆ ನಲವತ್ತು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಇವತ್ತು ಅದರ ಮುಖ್ಯ ಅಧ್ಯಾಯ ಒಂದನ್ನು ನೋಡೋಣ. ಅದರ ಹೆಸರು ಪ್ರದಾನ್.

ಕಥೆ ಶುರುವಾಗೋದು ಮಹಾರಾಷ್ಟ್ರದ ಜಾಮಖೇಡದಲ್ಲಿ. ಅಹಮದ್‌ನಗರ ಜಿಲ್ಲೆ, ಈಗಿನ ಹೆಸರು ಅಹಿಲ್ಯಾನಗರ. ಬರಗಾಲದ ಸೀಮೆ. ರಜನಿಕಾಂತ್ ಆರೋಳೆ ಮತ್ತು ಮೇಬೆಲ್ ಆರೋಳೆ ಎಂಬ ವೈದ್ಯ ದಂಪತಿ 1970ರಲ್ಲಿ ಅಲ್ಲಿ ಗ್ರಾಮೀಣ ಆರೋಗ್ಯ ಯೋಜನೆ ಶುರು ಮಾಡಿದರು. ಇಬ್ಬರೂ ವೆಲ್ಲೂರಿನಲ್ಲಿ ವೈದ್ಯಕೀಯ ಓದಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯ ಕಲಿತು ಬಂದವರು. ಊರಿನವರೇ ಆರಿಸಿದ ಹೆಣ್ಣುಮಕ್ಕಳಿಗೆ ಅವರು ಆರೋಗ್ಯದ ಕೆಲಸ ಕಲಿಸಿದರು. ಆ ಹೆಂಗಸರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಇದನ್ನು ನೋಡಲು ಬಂದವರು ದೀಪ್ ಜೋಶಿ. ಉತ್ತರಾಖಂಡದ ಪಿಥೋರಗಢ ಜಿಲ್ಲೆಯ ಹಳ್ಳಿಯ ರೈತರ ಮನೆಯ ಹುಡುಗ. ಅಲಹಾಬಾದಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಜೊತೆಗೆ ಮ್ಯಾನೇಜ್‌ಮೆಂಟನ್ನೂ ಓದಿ ದೇಶಕ್ಕೆ ಮರಳಿದ್ದರು. ಜಾಮಖೇಡದಲ್ಲಿ ಅವರ ತಲೆಗೆ ಹೊಕ್ಕ ಪ್ರಶ್ನೆ ಸರಳವಾದದ್ದು. ಇಷ್ಟು ಓದಿದ ಇಬ್ಬರು ಒಂದು ಹಳ್ಳಿಗಾಡಿನಲ್ಲಿ ಕೂತರೆ ಇಷ್ಟೆಲ್ಲ ಬದಲಾಗುತ್ತೆ ಅಂದ್ರೆ, ಉಳಿದ ಕಡೆ ಯಾಕೆ ಆಗ್ತಿಲ್ಲ? ಮರುಗುವ ಮನಸ್ಸಿನವರು ಬೇಕಾದಷ್ಟಿದ್ದಾರೆ, ಕಸುಬು ಬಲ್ಲವರೂ ಇದ್ದಾರೆ, ಎರಡೂ ಒಂದೇ ಜಾಗದಲ್ಲಿ ಸಿಗೋದು ಅಪರೂಪ. ಮುಂದೆ 2009ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಅದರ ಸನ್ಮಾನದ ಮಾತಿನಲ್ಲೂ ಇದೇ ಇತ್ತು, ತಲೆ ಮತ್ತು ಹೃದಯ ಎರಡನ್ನೂ ಜೋಡಿಸಿದವರು ಅಂತ.

ಜೊತೆಗಾರರಾಗಿ ಸಿಕ್ಕವರು ವಿಜಯ್ ಮಹಾಜನ್. ದೆಹಲಿ ಐಐಟಿ, ಫಿಲಿಪ್ಸ್ ಕಂಪನಿಯಲ್ಲಿ ಕೆಲಸ, ಆಮೇಲೆ ಅಹಮದಾಬಾದಿನ ಐಐಎಂ. ಇಂಥ ಬಯೋಡೇಟಾ ಇದ್ದವರು ಬಿಹಾರದ ಹಳ್ಳಿಗಳ ಕಡೆ ಮುಖ ಮಾಡಿದ್ದರು. 1983ರಲ್ಲಿ ಪ್ರದಾನ್ ಹುಟ್ಟಿತು. ಜೋಶಿ ಆಗ ದೆಹಲಿಯ ಫೋರ್ಡ್ ಫೌಂಡೇಷನ್‌ನಲ್ಲಿದ್ದರು, ನಂತರ ಆ ಕೆಲಸ ಬಿಟ್ಟು ಪ್ರದಾನ್‌ಗೇ ಬಂದರು.

ಸಂಸ್ಥೆಯ ಪೂರ್ತಿ ಹೆಸರು ಪ್ರೊಫೆಷನಲ್ ಅಸಿಸ್ಟೆನ್ಸ್ ಫಾರ್ ಡೆವಲಪ್‌ಮೆಂಟ್ ಆ್ಯಕ್ಷನ್. ಕನ್ನಡದಲ್ಲಿ ಹೇಳೋದಾದರೆ ಅಭಿವೃದ್ಧಿ ಕೆಲಸಕ್ಕೆ ವೃತ್ತಿಪರರ ನೆರವು. ಮೊದಲ ಯೋಚನೆ ಇದ್ದದ್ದೂ ಅಷ್ಟೇ. ದೇಶದ ತುಂಬ ಸ್ವಯಂಸೇವಾ ಸಂಸ್ಥೆಗಳಿವೆ, ಅವಕ್ಕೆ ಎಂಜಿನಿಯರು, ಮ್ಯಾನೇಜರು, ಪಶುವೈದ್ಯರು ಸಿಗುತ್ತಿಲ್ಲ. ಓದಿದ ಹುಡುಗ ಹುಡುಗಿಯರನ್ನು ಹುಡುಕಿ ಅಲ್ಲಿಗೆ ಕಳಿಸೋಣ. ನಮ್ಮ ಭಾಷೆಯಲ್ಲಿ ಹೇಳಿದರೆ, ಕ್ಲೈಂಟ್ ಸೈಟಿಗೆ ಡೆಪ್ಯುಟೇಷನ್.

ಇನ್ನೊಂದು ಮಾತು ಇಲ್ಲಿ ಮುಖ್ಯ. ಸೇವೆ ಅಂದ್ರೆ ಪುಕ್ಕಟೆ ಮಾಡೋದು, ತ್ಯಾಗ ಮಾಡೋದು ಅನ್ನೋ ಭಾವನೆ ನಮ್ಮಲ್ಲಿ ಬಲವಾಗಿದೆ. ಪ್ರದಾನ್‌ನವರು ಇದನ್ನು ಒಪ್ಪಲಿಲ್ಲ. ಬಡತನ ಕಡಿಮೆ ಮಾಡೋದು ಸೇತುವೆ ಕಟ್ಟುವಷ್ಟೇ ಕಷ್ಟದ ಕೆಲಸ, ಅದಕ್ಕೆ ಬುದ್ಧಿವಂತರು ಪೂರ್ಣಾವಧಿ ಬೇಕು, ಅವರಿಗೆ ಸಂಸಾರ ನಡೆಸುವಷ್ಟು ಸಂಬಳವೂ ಬೇಕು ಅನ್ನೋದು ಅವರ ನಿಲುವು.

ಆದರೆ ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸಂಸ್ಥೆಯ ದಾರಿ ಬದಲಾಗಿತ್ತು. ಬೇರೆ ಸಂಸ್ಥೆಗಳಿಗೆ ಜನರನ್ನು ಕಳಿಸೋದರ ಬದಲು ತಮ್ಮದೇ ಚಿಕ್ಕ ಚಿಕ್ಕ ತಂಡಗಳನ್ನು ಹಿಂದುಳಿದ ಜಿಲ್ಲೆಗಳಲ್ಲಿ ನೆಲೆಗೊಳಿಸಿದರು. ಯಾಕೆ? ನನಗೆ ಅರ್ಥವಾಗೋದು ಹೀಗೆ. ಒಂದು ಸಂಸ್ಥೆಗೆ ಸಲಹೆ ಕೊಡೋಕೆ ಹೋದವರು ಆ ಸಂಸ್ಥೆಯ ಸಮಸ್ಯೆ ಬಿಡಿಸ್ತಾರೆ. ಲೆಕ್ಕ ಸರಿಯಾಗುತ್ತೆ, ಯೋಜನೆ ಚೆನ್ನಾಗಿ ಬರೆದಾಗುತ್ತೆ. ಹಳ್ಳಿಯ ಹೆಂಗಸಿನ ಕೈಗೆ ವರ್ಷದ ಕೊನೆಗೆ ಎಷ್ಟು ಉಳಿಯಿತು ಅನ್ನೋ ಪ್ರಶ್ನೆ ಹಾಗೇ ಇರುತ್ತೆ. ಅದಕ್ಕೆ ಉತ್ತರ ಬೇಕಾದರೆ ಆ ಹೆಂಗಸಿನ ಪಕ್ಕದಲ್ಲೇ ಇರಬೇಕು.

ಅದೇ ಕಾಲಕ್ಕೆ ನಮ್ಮ ಕರ್ನಾಟಕದಲ್ಲಿ ಆಗ್ತಿದ್ದದ್ದನ್ನೂ ನೋಡಿ. ಟಿಬೆಟಿನ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಮೈರಾಡ, ಅಲೋಶಿಯಸ್ ಫರ್ನಾಂಡಿಸ್ ಅವರ ನೇತೃತ್ವದಲ್ಲಿ ಬಡ ರೈತರ ಸಹಕಾರ ಸಂಘಗಳ ಜೊತೆ ಕೆಲಸ ಮಾಡ್ತಿತ್ತು. 1984-85ರ ಸುಮಾರಿಗೆ ಕೆಲವು ದೊಡ್ಡ ಸಂಘಗಳು ಒಡೆದವು. ಸಾಲ ತೀರಿಸ್ತೀವಿ, ಆದರೆ ಆ ದೊಡ್ಡ ಸಂಘಕ್ಕಲ್ಲ, ನಾವೇ ಹತ್ತಾರು ಜನ ಸೇರಿಕೊಂಡ ಗುಂಪಿಗೆ ಅಂತ ಸದಸ್ಯರು ಬಂದು ನಿಂತರು. ಸಲಹೆಗಾರನ ಪುಸ್ತಕದಲ್ಲಿ ಇದು ಸೋಲು. ಒಡೆದ ಸಂಘವನ್ನು ಮತ್ತೆ ಜೋಡಿಸಿ ಅಂತ ವರದಿ ಬರೆಯಬಹುದಿತ್ತು. ಮೈರಾಡದವರು ಹಾಗೆ ಮಾಡದೆ, ನೀವು ಈ ಗುಂಪನ್ನೇ ಯಾಕೆ ನಂಬ್ತೀರಿ ಅಂತ ಕೇಳಿದರು. ಒಬ್ಬರಿಗೊಬ್ಬರು ಗೊತ್ತಿರೋರು, ಕಷ್ಟಕ್ಕೆ ಆಗೋರು ಅನ್ನೋದೇ ಉತ್ತರ. ಆ ಚಿಕ್ಕ ಗುಂಪುಗಳ ಬೆನ್ನಿಗೆ ನಿಂತರು. 1987ರಲ್ಲಿ ನಬಾರ್ಡ್ ಇದಕ್ಕಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ನಬಾರ್ಡ್ ಶುರು ಮಾಡಿತು. ಇವತ್ತು ಊರಿಗೆ ಹೋದಾಗ ನಮ್ಮ ಅಮ್ಮ, ಅತ್ತೆ ಸಂಘದ ಮೀಟಿಂಗ್ ಇದೆ ಅಂತ ಹೊರಡ್ತಾರಲ್ಲ, ಅದರ ಒಂದು ಬೇರು ಅಲ್ಲಿದೆ.

ಪ್ರದಾನ್‌ನ ತಂಡಗಳೂ ಮಹಿಳೆಯರ ಗುಂಪುಗಳ ದಾರಿ ಹಿಡಿದವು. ದೆಹಲಿಯಲ್ಲಿರೋ ಕನ್ನಡಿಗರಿಗೆ ಇದನ್ನು ಸುಲಭವಾಗಿ ಹೇಳಬಹುದು. ನೀವು ಹತ್ತುವ ಕರ್ನಾಟಕ ಎಕ್ಸ್‌ಪ್ರೆಸ್ ಅಹಮದ್‌ನಗರದ ಮೇಲೆ ಹಾದುಹೋಗುತ್ತೆ. ಜಾಮಖೇಡ ಆ ಜಿಲ್ಲೆಯಲ್ಲೇ ಇದೆ. ಮುಂದೆ ಇಟಾರ್ಸಿ ಬರುತ್ತೆ. ಅಲ್ಲಿಗೆ ಹತ್ತಿರದ್ದೇ ಕೇಸ್ಲಾ, ಪ್ರದಾನ್‌ನ ಕೋಳಿ ಸಾಕಣೆಯ ಪ್ರಯೋಗ ನಡೆದ ಜಾಗ.

ಕೇಸ್ಲಾದ ಆದಿವಾಸಿ ಹೆಂಗಸರಿಗೆ ಬ್ರಾಯ್ಲರ್ ಕೋಳಿ ಸಾಕೋದು ಕಲಿಸಬೇಕು. ಮನೆ ಹಿತ್ತಲಲ್ಲಿ ಕೆಲವು ನೂರು ಕೋಳಿ ಹಿಡಿಯುವ ಶೆಡ್ಡು. ಕಲಿಸೋದೇನೋ ಸರಿ. ಆದರೆ ಮರಿ ಎಲ್ಲಿಂದ ತರೋದು, ಮೇವು ಯಾರು ಕೊಡ್ತಾರೆ, ರೋಗ ಬಂದರೆ ಯಾರನ್ನು ಕರೆಯೋದು? ಎಲ್ಲಕ್ಕಿಂತ ದೊಡ್ಡದು, ಕೋಳಿ ಬೆಳೆದು ನಿಂತ ವಾರವೇ ಪೇಟೆಯಲ್ಲಿ ದರ ಬಿದ್ದರೆ? ಶ್ರೀಮಂತ ಕೋಳಿ ಸಾಕಣೆಗಾರ ಒಂದು ಬ್ಯಾಚಿನ ನಷ್ಟ ತಡಕೊಳ್ತಾನೆ. ಈಕೆಗೆ ಅದೇ ಕೊನೆ.

ಹಾಗಾಗಿ ಹೆಂಗಸರದೇ ಸಹಕಾರ ಸಂಘ ಮಾಡಿದರು. ಮರಿ, ಮೇವು, ಔಷಧಿ, ಮಾರಾಟ ಎಲ್ಲ ಸಂಘದ್ದು. ಸಾಕುವವಳಿಗೆ ಹಣ ಸಿಗೋದು ಪೇಟೆಯ ದರದ ಮೇಲಲ್ಲ, ಅವಳು ಎಷ್ಟು ಚೆನ್ನಾಗಿ ಸಾಕಿದಳು ಅನ್ನೋದರ ಮೇಲೆ. ಕೊಟ್ಟ ಮೇವಿಗೆ ಎಷ್ಟು ತೂಕ ಬಂತು ಅನ್ನೋದು ಅವಳ ಕೈಯಲ್ಲಿದೆ. ದರ ಅವಳ ಕೈಯಲ್ಲಿಲ್ಲ, ಅದರ ಹೊರೆ ಸಂಘ ಹೊರುತ್ತೆ. ಇದನ್ನು ಯಾರಾದರೂ ಮೂರು ತಿಂಗಳಲ್ಲಿ ಕೂತು ಬರೆಯಬಹುದಿತ್ತಾ? ಒಂದೆರಡು ಸಲ ದರ ಬಿದ್ದದ್ದನ್ನು ಅಲ್ಲೇ ಇದ್ದು ಕಂಡವರಿಗೇ ಇಂಥ ನಿಯಮ ಹೊಳೆಯೋದು.

ಇನ್ನೊಂದು ಉದಾಹರಣೆ ಐಟಿಯವರಿಗೆ ಇಷ್ಟವಾಗುತ್ತೆ, ಕಂಪ್ಯೂಟರ್ ಮುನ್ಷಿ. ಗುಂಪುಗಳು ಹೆಚ್ಚಾದಂತೆ ಲೆಕ್ಕ ಕೆಡುತ್ತಾ ಬಂತು. ಲೆಕ್ಕ ಕೆಟ್ಟರೆ ನಂಬಿಕೆ ಕೆಡುತ್ತೆ, ನಂಬಿಕೆ ಕೆಟ್ಟರೆ ಗುಂಪೇ ಇಲ್ಲ. ಪರಿಹಾರ ಹೀಗಿತ್ತು. ವಾರದ ಸಭೆಯ ವ್ಯವಹಾರವನ್ನು ಒಂದು ಹಾಳೆಯಲ್ಲಿ ಬರೆದು ಕಳಿಸೋದು. ಹತ್ತಿರದ ಪೇಟೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡ ಸ್ಥಳೀಯ ಯುವಕ ಅದನ್ನು ಸಾಫ್ಟ್‌ವೇರಿಗೆ ಹಾಕಿ, ಮುಂದಿನ ಸಭೆಯೊಳಗೆ ತಾಳೆಪಟ್ಟಿ ಮುದ್ರಿಸಿ ವಾಪಸ್ ಕಳಿಸೋದು. ಸ್ಮಾರ್ಟ್‌ಫೋನಿಗೆ ಮೊದಲಿನ ಕಾಲ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಆದರೂ ನಡೀತು. ಕಾರಣ ಸಾಫ್ಟ್‌ವೇರ್ ಅಲ್ಲ. ಮುನ್ಷಿಗೆ ದುಡ್ಡು ಕೊಡೋರು ಗುಂಪಿನ ಹೆಂಗಸರೇ. ಲೆಕ್ಕ ತಪ್ಪಿದರೆ ಅವನು ಉತ್ತರ ಹೇಳಬೇಕಾದ್ದು ದೆಹಲಿಯ ಯಾವುದೋ ಆಫೀಸಿಗಲ್ಲ, ಅವರಿಗೆ.

ಈ ಮನೆಯಿಂದ ಬೇರೆ ಮನೆಗಳೂ ಹುಟ್ಟಿದವು. ಮಧುರೈ ಕಡೆಯ ರೈತ ಕುಟುಂಬದ ವಾಸಿಮಲೈ ಐಐಎಂ ಓದಿ ಪ್ರದಾನ್ ಸೇರಿದವರು. ಮಹಿಳೆಯರ ಉಳಿತಾಯ ಗುಂಪು, ಕೆರೆಗಳ ಪುನರುಜ್ಜೀವನ ಅಂತ ಅಲ್ಲಿ ಬೆಳೆದ ಕೆಲಸವೇ 1997ರಲ್ಲಿ ಧಾನ್ ಫೌಂಡೇಷನ್ ಆಯ್ತು. ವಿಜಯ್ ಮಹಾಜನ್ 1996ರಲ್ಲಿ ಹೈದರಾಬಾದಿನಲ್ಲಿ ಬೇಸಿಕ್ಸ್ ಕಟ್ಟಿದರು, ಬಡವರಿಗೆ ಸಾಲ ಕೊಡುವ ಸಂಸ್ಥೆ.

ಬೇಸಿಕ್ಸ್ ಮಾಡಿದ ಒಂದು ಕೆಲಸ ನನಗೆ ಈ ಇಡೀ ಇತಿಹಾಸದಲ್ಲಿ ದೊಡ್ಡದಾಗಿ ಕಾಣುತ್ತೆ. ಐದು ವರ್ಷದ ನಂತರ, 2001ರಲ್ಲಿ, ನಮ್ಮ ಸಾಲದಿಂದ ಏನಾಯ್ತು ಅಂತ ತಾವೇ ಅಧ್ಯಯನ ಮಾಡಿಸಿದರು. ಮೂರು ಸುತ್ತು ಸಾಲ ಪಡೆದವರಲ್ಲಿ ಆದಾಯ ಹೆಚ್ಚಿದ್ದು 52 ಶೇಕಡಾ ಜನಕ್ಕೆ ಮಾತ್ರ. 25 ಶೇಕಡಾ ಇದ್ದಲ್ಲೇ ಇದ್ದರು. 23 ಶೇಕಡಾ ಜನರ ಆದಾಯ ಕಡಿಮೆಯಾಗಿತ್ತು. ಸಾಲ ವಾಪಸ್ ಬರ್ತಿದೆ ಅನ್ನೋ ಒಂದೇ ಅಂಕಿ ತೋರಿಸಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಅವರು ಈ ಅಂಕಿಗಳನ್ನು ಹೊರಗಿಟ್ಟು, ಕೆಲಸದ ರೀತಿಯನ್ನೇ ಬದಲಿಸಿದರು. ಸಾಲದ ಜೊತೆ ಬೇಸಾಯದ, ದನಕರುವಿನ ತಾಂತ್ರಿಕ ನೆರವು, ವಿಮೆ, ರೈತರ ಗುಂಪುಗಳನ್ನು ಕಟ್ಟುವ ಸೇವೆ ಎಲ್ಲ ಸೇರಿದವು. 2003ರಲ್ಲಿ ನಮ್ಮ ರಾಯಚೂರಿನ ಪಕ್ಕದ ಮಹಬೂಬ್‌ನಗರ ಜಿಲ್ಲೆಯಲ್ಲಿ ಮಳೆ ವಿಮೆಯ ಪ್ರಯೋಗವೂ ನಡೆಯಿತು.

ಇದೆಲ್ಲ ಸುಖಾಂತ್ಯ ಅಂತ ತಿಳಿಯಬೇಡಿ. 2010ರ ಅಕ್ಟೋಬರಿನಲ್ಲಿ, ಸಾಲ ವಸೂಲಿಯ ಕಿರುಕುಳ ಮತ್ತು ಆತ್ಮಹತ್ಯೆಗಳ ಸುದ್ದಿಗಳ ನಡುವೆ, ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಸಾಲದ ಮರುಪಾವತಿ ರಾಜ್ಯದಲ್ಲಿ ನಿಂತೇ ಹೋಯ್ತು. ತನ್ನನ್ನು ತಾನೇ ಅಳೆದುಕೊಂಡಿದ್ದ ಬೇಸಿಕ್ಸ್‌ನ ಸಾಲದ ಕಂಪನಿಗೂ ಭಾರೀ ಪೆಟ್ಟು ಬಿತ್ತು. ಒಳ್ಳೆಯ ಪ್ರಶ್ನೆ ಕೇಳಿಕೊಂಡವರಿಗೂ ಸುತ್ತಲಿನ ಬೆಂಕಿ ತಾಗದೆ ಇರಲ್ಲ.

ಈಗ ಕಾಲ ಬೇರೆ. ಮುಂಬೈನ ದಸ್ರಾ 1999ರಿಂದ ಸೇವಾ ಸಂಸ್ಥೆಗಳನ್ನು ಗಟ್ಟಿಗೊಳಿಸುವ, ದಾನಿಗಳನ್ನು ಜೋಡಿಸುವ ಕೆಲಸದಲ್ಲಿದೆ. ಅದನ್ನು ಕಟ್ಟಿದ ನೀರಾ ನಂದಿ, ದೇವಲ್ ಸಾಂಘ್ವಿ ಇಬ್ಬರೂ ಮಾರ್ಗನ್ ಸ್ಟಾನ್ಲಿಯಿಂದ ಬಂದವರು. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2 ಶೇಕಡಾ ಹಣವನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಹಣ ಬಂದ ಕಡೆ ಸಲಹೆಗಾರರೂ ಬರ್ತಾರೆ, ಡ್ಯಾಶ್‌ಬೋರ್ಡೂ ಬರುತ್ತೆ. ನಮ್ಮ ಕಂಪನಿಗಳಲ್ಲೂ ವರ್ಷಕ್ಕೊಮ್ಮೆ ಟೀ ಶರ್ಟ್ ಹಾಕಿಸಿ ಶಾಲೆಯ ಗೋಡೆಗೆ ಬಣ್ಣ ಬಳಿಸ್ತಾರೆ.

ಅದನ್ನು ಆಡಿಕೊಳ್ಳೋದು ನನ್ನ ಉದ್ದೇಶ ಅಲ್ಲ. ಪುಣೆ, ಚೆನ್ನೈ, ಹೈದರಾಬಾದಿನಲ್ಲಿ ಕೂತ ನಮಗೆ ಊರಿನ ಶಾಲೆಗೆ, ಕೆರೆ ಸಮಿತಿಗೆ, ಇಲ್ಲಿನ ಕನ್ನಡ ಸಂಘಕ್ಕೆ ಏನಾದರೂ ಮಾಡಬೇಕು ಅಂತ ಇದ್ದೇ ಇರುತ್ತೆ. ಮೊದಲು ಕೈಗೆ ಬರೋದು ಒಂದು ಆ್ಯಪು, ಒಂದು ಎಕ್ಸೆಲ್ ಹಾಳೆ, ಒಂದಿಷ್ಟು ಸಲಹೆ. ಎಲ್ಲರೂ ಕೆಲಸ ಬಿಟ್ಟು ಕೇಸ್ಲಾಕ್ಕೆ ಹೋಗೋಕಾಗಲ್ಲ, ಹೋಗಬೇಕಾಗೂ ಇಲ್ಲ. ಆದರೆ ಈ ಜನರ ಕಥೆಯಿಂದ ಎರಡು ಪ್ರಶ್ನೆ ಎತ್ತಿಕೊಳ್ಳಬಹುದು. ನನ್ನ ಸಲಹೆ ಕೆಟ್ಟರೆ ನಷ್ಟ ಯಾರಿಗೆ? ಕೆಟ್ಟಿದೆಯಾ ಅಂತ ನೋಡೋಕೆ ಮುಂದಿನ ವರ್ಷ ನಾನು ಅಲ್ಲಿಗೆ ಹೋಗ್ತೀನಾ?

ಕೇಸ್ಲಾದ ನಿಯಮದಲ್ಲಿ ಮೊದಲ ಪ್ರಶ್ನೆಗೆ ಉತ್ತರ ಇದೆ, ಬೇಸಿಕ್ಸ್‌ನ ಆ 23 ಶೇಕಡಾದಲ್ಲಿ ಎರಡನೆಯದಕ್ಕೆ. ನಿಮ್ಮ ಊರಿನ ಯಾವುದಾದರೂ ಸಂಘಕ್ಕೆ ನೀವು ನೆರವಾಗ್ತಿದ್ದರೆ, ಒಂದು ವರ್ಷದ ನಂತರ ಅಲ್ಲಿ ಏನು ಉಳಿದಿತ್ತು ಅಂತ ಬರೆದು ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.